ಅಗಲ ಇದ್ರೆ ಕಯಾಕ್ ಮಗುಚಲ್ಲ ಅಲ್ವಾ ಸಾರ್?

ಪ್ರಶ್ನೆ: ಹೊಳೆ ಸಮುದ್ರ ಸೇರೋ ಅಳಿವೆ ಕಡೆ ಗಾಳ ಹಾಕೋಕೆ ಕಯಾಕ್ (ಹುಟ್ಟು ಹಾಕೋ ಸಣ್ಣ ದೋಣಿ) ತಗೊಳ್ತಾ ಇದ್ದೇನೆ. ಅಲೆಗೆ ಮಗುಚಬಾರದು. 36 ಇಂಚು ಅಗಲದ್ದು ಸಾಕಲ್ವಾ?

ಸಾಕಾಗಲ್ಲ. ಮಳೆಗಾಲ ಮುಗಿಯಿತೋ ಇಲ್ಲವೋ, ಇದೇ ಪ್ರಶ್ನೆ ಶುರು. ಇಂಚು ಮಾತ್ರ ಬೇರೆ ಬೇರೆ.

ತಳ ಚಪ್ಪಟೆ ಇರುವ ಅಗಲದ ಕಯಾಕ್ ನಿಂತ ನೀರಲ್ಲಿ ಮಂಚದ ಹಾಗೆ ಕೂರುತ್ತದೆ, ನಿಜ. ಎದ್ದು ನಿಂತು ಗಾಳ ಬೀಸಬಹುದು. ಅಂಗಡಿಯವರು ತೋರಿಸುವುದೂ ಅಷ್ಟನ್ನೇ. ಆದರೆ ಆ ತಳ ನೀರಿನ ಮೈ ಹೇಗಿದೆಯೋ ಹಾಗೇ ಇರಲು ನೋಡುತ್ತದೆ. ಪಕ್ಕದಿಂದ ಅಲೆ ಬಂದು ನೀರೇ ಓರೆಯಾದರೆ ಕಯಾಕೂ ಜೊತೆಗೇ ಓರೆ, ಮೇಲೆ ಎತ್ತರದ ಸೀಟಲ್ಲಿ ಕೂತ ನೀವು ಹೊರಗೆ. ಸಮುದ್ರಕ್ಕೆಂದೇ ಮಾಡಿದ ಕಯಾಕ್ ನೋಡಿ. 22-24 ಇಂಚು ಅಗಲ, ತಳ ಗುಂಡಗೆ. ಕೂತ ಕೂಡಲೇ ತೂಗಾಡುತ್ತದೆ, ಹೊಸಬರಿಗೆ ಜೀವ ಬಾಯಿಗೆ ಬರುತ್ತದೆ. ಆದರೆ ಸೊಂಟ ಸಡಿಲ ಬಿಟ್ಟು ಕೂತರೆ ಅಲೆ ಕೆಳಗಿಂದ ಹಾದುಹೋಗುತ್ತದೆ, ಮೈ ನೆಟ್ಟಗೇ ಇರುತ್ತದೆ. ಅಗಲದ್ದು ಹಾಗಲ್ಲ, ಅಲುಗುವುದೇ ಇಲ್ಲ ಇಲ್ಲ ಅಂದುಕೊಳ್ಳುವಾಗಲೇ ಒಂದು ಮಿತಿ ದಾಟಿ ದಿಢೀರ್ ಪಲ್ಟಿ. ಬೋರಲಾದ ಮೇಲೂ ಮಂಚವೇ! ಕತ್ತು ಮುಳುಗುವ ನೀರಲ್ಲಿ ಅದನ್ನು ತಿರುಗಿಸಿ ನೋಡಿ, ಆಮೇಲೆ ಇಂಚಿನ ಮಾತಾಡೋಣ.

ಹಿನ್ನೀರಿಗೆ ಅಗಲದ್ದೇ ತಗೊಳ್ಳಿ, ಬೇಡ ಅನ್ನಲ್ಲ. ಆದರೆ ಮಗುಚುವುದು ಜಾಸ್ತಿ ನಮ್ಮ ಕೈಯಿಂದಲೇ. ಹಿಂದಿನ ಡಬ್ಬಿಗೆ ತಿರುಗಿ ಕೈ ಚಾಚುತ್ತೇವೆ. ಮೀನು ಎತ್ತುವಾಗ ತಲೆ ಅಂಚಿನಾಚೆ ಹೋಗುತ್ತದೆ. ಮೂಗು ಅಂಚು ದಾಟಬಾರದು, ಇದೊಂದು ನೆನಪಿಡಿ. ಭಾರದ್ದೆಲ್ಲ ತಳದಲ್ಲಿ, ನಡುವಿನಲ್ಲಿ. ದೊಡ್ಡ ಅಲೆ ಬಂದರೆ ಮೂತಿ ಅದರ ಕಡೆ ತಿರುಗಿಸಿ, ಪ್ಯಾಡಲ್ ಹಾಕುತ್ತಲೇ ಇರಿ, ಸುಮ್ನೆ ಅಂಚು ಹಿಡಿದು ಕೂರಬೇಡಿ.

ಲಂಗರನ್ನು ಮಾತ್ರ ಪಕ್ಕಕ್ಕೆ ಕಟ್ಟಲೇಬೇಡಿ. ಉಡುಪಿ ಕಡೆಯ ಕೋಡಿಬೆಂಗ್ರೆ ಅಳಿವೆಯಲ್ಲಿ ಇಳಿತದ ಹೊತ್ತಲ್ಲಿ ನಾನು ಹಾಗೆ ಕಟ್ಟಿದ್ದೆ, ಹಗ್ಗ ಬಿಗಿಯಾದದ್ದೇ ಕಯಾಕ್ ಅಡ್ಡ ತಿರುಗಿತು, ಸೆಳೆತಕ್ಕೆ ಒಂದು ಅಂಚು ಒಳಗೆ ಹೋಯಿತು, ರಾಡು, ಡಬ್ಬಿ, ಚಪ್ಪಲಿ ಎಲ್ಲ ಸಮುದ್ರಕ್ಕೆ. ಈಗ ಮೂತಿಗೋ ಬಾಲಕ್ಕೋ ಕಟ್ಟುತ್ತೇನೆ, ಒಂದೇ ಎಳೆತಕ್ಕೆ ಬಿಚ್ಚುವ ಗಂಟು. ಚಾಕು ಲೈಫ್ ಜಾಕೆಟ್‌ನಲ್ಲಿ, ಜಾಕೆಟ್ ಮೈಮೇಲೆ.

ಇನ್ನೊಂದು, ಇದನ್ನು ಯಾರೂ ಕೇಳಲ್ಲ. ‘ಹೋದ ಭಾನುವಾರ ನಾಲ್ಕು ಗಂಟೆಗೆ ನೀರು ಕನ್ನಡಿ ಹಾಗಿತ್ತು’ ಅಂತ ಈ ಭಾನುವಾರವೂ ನಾಲ್ಕಕ್ಕೇ ಹೊರಡುತ್ತಾರೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಏಳು ದಿನಕ್ಕೆ ಹತ್ತಿರ ಹತ್ತಿರ ಆರು ಗಂಟೆ. ಅಂದ್ರೆ ಹೋದ ವಾರ ನೀರು ಏರುತ್ತಿದ್ದ ಹೊತ್ತಲ್ಲೇ ಈ ವಾರ ಇಳಿಯುತ್ತಿರುತ್ತದೆ. ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಒಳಗೆ ನುಗ್ಗುತ್ತಿರುತ್ತದೆ, ಹೊಳೆ ನೀರು ಹೊರಗೆ ಓಡುತ್ತಿರುತ್ತದೆ, ಎರಡೂ ಎದುರುಬದುರಾದ ಕಡೆ ಅಲೆ ಗೋಡೆ ಹಾಗೆ ಏಳುತ್ತದೆ. ಪಾತಿ ಅನ್ನುವ ಸಣ್ಣ ದೋಣಿಯ ಹಿರಿಯರು ವಾರ ಕೇಳುವುದಿಲ್ಲ, ತಿಥಿ ಕೇಳುತ್ತಾರೆ, ಉಬ್ಬರ ನಡೆಯುವುದು ಚಂದ್ರನ ಜೊತೆ ತಾನೇ. ಹದಿನೈದು ದಿನಕ್ಕೊಮ್ಮೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದೇ ನೀರು ಬರುತ್ತದೆ, ಅವರ ಲೆಕ್ಕ ಅಷ್ಟೇ.