ಪ್ರಭಾವವೋ, ಪರಿಣಾಮವೋ?

ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಎಲ್ಲಿಗೆ ಹೋದರೂ ವೇದಿಕೆಯ ಹಿಂದೆ ಅದೇ ಬ್ಯಾನರ್: ‘ಯುವಜನರ ಮೇಲೆ ಸಮೂಹ ಮಾಧ್ಯಮಗಳ ಪ್ರಭಾವ’. ಈ ವರ್ಷ ಅರಸೀಕೆರೆಯಲ್ಲಿ ಕಂಡೆ, ಆಲೂರಿನಲ್ಲಿ ಕಂಡೆ. ಹೋದ ವಾರ ಬೇಲೂರಿನಲ್ಲಿ ಅದು ‘ದುಷ್ಪ್ರಭಾವ’ ಆಗಿತ್ತು. ಅಲ್ಲಿ 14 ಮಕ್ಕಳು ಮಾತಾಡಿದರು. ಕಣ್ಣು ಉರಿಯುವುದು ಪ್ರಭಾವ, ನಿದ್ದೆಗೆಡುವುದು ಪ್ರಭಾವ, ಹರಿದ ಪ್ಯಾಂಟು ಹಾಕುವುದು ಪ್ರಭಾವ, ಆನ್‌ಲೈನ್ ಜೂಜಿನಲ್ಲಿ ದುಡ್ಡು ಕಳೆಯುವುದು ಪ್ರಭಾವ, ಅಜ್ಜಿ ಧಾರಾವಾಹಿ ನೋಡುತ್ತಾ ಅನ್ನ ಸೀಯಿಸುವುದೂ ಪ್ರಭಾವ. ಚೆನ್ನಾಗಿ ಮಾತಾಡಿದ ಒಬ್ಬ ಹುಡುಗಿಯನ್ನು ಕೇಳಿದೆ:

“ಪ್ರಭಾವ ಅಂದ್ರೆ ಏನಮ್ಮ?”

“ಎಫೆಕ್ಟು ಸಾರ್.”

“ಪರಿಣಾಮ ಅಂದ್ರೆ?”

“ಅದೂ ಎಫೆಕ್ಟೇ ಸಾರ್.”

ತಪ್ಪು ಅವಳದಲ್ಲ. ಪ್ರಬಂಧದ ಗೈಡುಗಳು ಹಾಗೆ ಬರೆದಿವೆ, ವೇದಿಕೆಯ ಮೇಲಿನ ಹಿರಿಯರು ಹಾಗೆ ಮಾತಾಡುತ್ತಾರೆ. ಆದರೆ ಕನ್ನಡದಲ್ಲಿ ಇವು ಎರಡು ಪದ. ಎರಡನ್ನೂ ಒಂದೇ ಗೋಣಿಗೆ ತುಂಬಿದರೆ, ಟಿವಿ, ಪತ್ರಿಕೆ, ಮೊಬೈಲುಗಳ ಬಗ್ಗೆ ಕೇಳಲೇಬೇಕಾದ ಪ್ರಶ್ನೆಗಳು ಆ ಗೋಣಿಯ ತಳದಲ್ಲೇ ಉಳಿದುಬಿಡುತ್ತವೆ.

ಮೊದಲು ‘ಪ್ರಭಾವ’. ಇದು ‘ಪ್ರಭೆ’ಯಿಂದ ಬಂತು ಎಂದು ನಂಬಿದವರು ತುಂಬಾ ಜನ. ಬೇಲೂರಿನಲ್ಲಿ ಭಾಷಣ ಮಾಡಿದ ಅತಿಥಿಗಳೂ ‘ಪ್ರಭೆ ಬೀರುವುದೇ ಪ್ರಭಾವ’ ಎಂದರು. ಅಲ್ಲ. ಪ್ರಭೆಯ ಧಾತು ‘ಭಾ’, ಹೊಳೆಯುವುದು. ಅಲ್ಲೇ ಕೂಗಳತೆಯಲ್ಲಿ, 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ನಿಂತಿದ್ದಾನೆ. ಅವನನ್ನು ಸುತ್ತುವರಿದದ್ದು ಪ್ರಭಾವಳಿ: ಪ್ರಭೆಯ ಆವಳಿ, ಬೆಳಕಿನ ಸಾಲು. ಆ ಪದದೊಳಗೆ ‘ಪ್ರಭಾವ’ ಎಂಬ ಮೂರು ಅಕ್ಷರ ಕಾಣುವುದು ಬರೀ ಸಂಧಿಯ ಆಕಸ್ಮಿಕ.

ಪ್ರಭಾವದ ಧಾತು ‘ಭೂ’, ಆಗುವುದು, ಇರುವುದು. ಅದರ ಮೊದಲಿಗೆ ‘ಪ್ರ’ ಸೇರಿದರೆ ಮೇಲುಗೈಯಾಗಿ ಇರುವುದು, ಶಕ್ತವಾಗಿರುವುದು. ಇದೇ ಮನೆಯ ಮಕ್ಕಳು ‘ಪ್ರಭು’ ಮತ್ತು ‘ಪ್ರಭುತ್ವ’. ‘ಪ್ರಭವ’ ಕೂಡ ಇದೇ ಮನೆಯದು. ಅದಕ್ಕೆ ಹುಟ್ಟು, ಮೂಲ ಎಂಬ ಅರ್ಥ, ಅದಕ್ಕೇ 60 ಸಂವತ್ಸರಗಳಲ್ಲಿ ಮೊದಲನೆಯದಕ್ಕೆ ಆ ಹೆಸರು. ಈಗ ನಡೆಯುತ್ತಿರುವ ಆವರ್ತದ ಪ್ರಭವ 1987ರ ಯುಗಾದಿಗೆ ಬಂತು. ಉಪಸರ್ಗ ಬದಲಿಸಿದರೆ ಅನುಭವ, ಸಂಭವ, ಪರಾಭವ. ಚುನಾವಣೆ ಮುಗಿದ ಮರುದಿನ ಪತ್ರಿಕೆಯಲ್ಲಿ ‘ಪ್ರಭಾವಿ ನಾಯಕನಿಗೆ ಪರಾಭವ’ ಎಂದು ಬರುತ್ತದಲ್ಲ, ಆ ಎರಡೂ ಪದಗಳ ಬೇರು ಒಂದೇ.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಸಂಸ್ಕೃತದ ಹಳೆಯ ನಿಘಂಟು ಅಮರಕೋಶ ಕೊಡುವ ಅರ್ಥ. ಅದರ ಕ್ಷತ್ರಿಯವರ್ಗ ಎಂಬ ಭಾಗದಲ್ಲಿ, ಅದನ್ನು ಬರೆದ ಅಮರಸಿಂಹ ಪ್ರತಾಪ ಮತ್ತು ಪ್ರಭಾವವನ್ನು ಒಟ್ಟಿಗೆ ಇಟ್ಟು, ಕೋಶದಿಂದಲೂ ದಂಡದಿಂದಲೂ ಹುಟ್ಟುವ ತೇಜಸ್ಸಿಗೆ ಆ ಹೆಸರು ಎನ್ನುತ್ತಾನೆ. ಕೋಶ ಎಂದರೆ ಬೊಕ್ಕಸ. ದಂಡ ಎಂದರೆ ಸೈನ್ಯ, ಶಿಕ್ಷಿಸುವ ಅಧಿಕಾರ. ಅಂದರೆ ಪ್ರಭಾವ ಗಾಳಿಯಲ್ಲಿ ಹುಟ್ಟುವುದಿಲ್ಲ. ಹಿಂದೆ ಹಣ ಇರಬೇಕು, ಇಲ್ಲವೇ ಹೆದರಿಸುವ ಬಲ ಇರಬೇಕು. ಈ ಹಳೆಯ ಅರ್ಥ ಸತ್ತಿಲ್ಲ. ಜಾಮೀನು ಕೊಡುವಾಗ ನ್ಯಾಯಾಲಯ ‘ಸಾಕ್ಷಿಗಳ ಮೇಲೆ ಪ್ರಭಾವ ಬೀರಬಾರದು’ ಎಂದು ಷರತ್ತು ಹಾಕುತ್ತದೆ. ‘ಪ್ರಭಾವ ಬಳಸಿ ವರ್ಗಾವಣೆ ಮಾಡಿಸಿಕೊಂಡ’ ಎನ್ನುತ್ತೇವೆ. ನಮ್ಮ ಕಡೆಯ ಹಳಬರು ಇದಕ್ಕೆ ‘ವಶೀಲಿ’ ಎನ್ನುತ್ತಿದ್ದರು. ತಾಲ್ಲೂಕು ಕಚೇರಿಗೆ ಅಲೆದ ಯಾವ ರೈತನಿಗೂ ಈ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಗೊಂದಲ ಎಲ್ಲಿಂದ ಬಂತು? ಇಂಗ್ಲಿಷಿನ ‘ಇನ್‌ಫ್ಲುಯೆನ್ಸ್’ ಎಂಬುದನ್ನು ನಾವು ಕಣ್ಣುಮುಚ್ಚಿ ಪ್ರಭಾವ ಎಂದು ಅನುವಾದಿಸಿದ್ದರಿಂದ. ಆ ಪದದ ಲ್ಯಾಟಿನ್ ಮೂಲದ ಅರ್ಥ ‘ಒಳಕ್ಕೆ ಹರಿಯುವುದು’. ನಕ್ಷತ್ರಗಳಿಂದ ಒಂದು ಸೂಕ್ಷ್ಮ ದ್ರವ ಹರಿದು ಬಂದು ಮನುಷ್ಯರ ಹಣೆಬರಹ ತಿದ್ದುತ್ತದೆ ಎಂದು ಮಧ್ಯಯುಗದ ಯುರೋಪಿನ ಜ್ಯೋತಿಷಿಗಳು ನಂಬಿದ್ದರು. ಆ ಹರಿವಿಗೆ ಇಟ್ಟ ಹೆಸರು ಅದು. ಊರಿಗೆ ಊರೇ ಜ್ವರದಿಂದ ಮಲಗಿದಾಗ ಇಟಲಿಯವರು ಅದನ್ನೂ ನಕ್ಷತ್ರಗಳ ತಲೆಗೆ ಕಟ್ಟಿದರು, ‘ಇನ್‌ಫ್ಲುಯೆಂಜಾ’ ಎಂಬ ರೋಗದ ಹೆಸರು ಹುಟ್ಟಿದ್ದು ಹಾಗೆ. ನಮ್ಮ ಪಂಚಾಂಗದಲ್ಲೂ ‘ಶನಿಯ ಪ್ರಭಾವ’ ಇದೆ. ಅಲ್ಲಿ ಮನುಷ್ಯ ಏನೂ ಮಾಡುವ ಹಾಗಿಲ್ಲ. ಶನಿ ನೋಡಿದ, ಆಯಿತು. ‘ಮೊಬೈಲಿನ ಪ್ರಭಾವದಿಂದ ಮಕ್ಕಳು ಕೆಟ್ಟರು’ ಎಂಬ ವಾಕ್ಯದ ವ್ಯಾಕರಣ ಈ ಶನಿಯ ವಾಕ್ಯದ ವ್ಯಾಕರಣವೇ. ಮೊಬೈಲು ಕೊಡಿಸಿದ ಅಪ್ಪ ಅಲ್ಲಿ ಇಲ್ಲ, ಜೂಜಿನ ಆ್ಯಪ್‌ನ ಜಾಹೀರಾತಿಗೆ ದುಡ್ಡು ಕೊಟ್ಟವರು ಇಲ್ಲ, ನೋಡುತ್ತಾ ಕೂತ ಹುಡುಗನೂ ಇಲ್ಲ. ಒಂದು ಗ್ರಹ ಇದೆ, ಅದರ ದೃಷ್ಟಿ ಇದೆ, ಅಷ್ಟೇ. ಈ ಪದಬಳಕೆ ನನ್ನನ್ನು ಕಾಡುವುದು ಇದೇ ಕಾರಣಕ್ಕೆ.

‘ಪರಿಣಾಮ’ ಬೇರೆಯೇ ಜಾತಿಯದು. ಧಾತು ‘ನಮ್’, ಬಾಗುವುದು. ಪರಿ ಸೇರಿದರೆ ಪೂರ್ತಿ ತಿರುಗುವುದು, ಬೇರೆ ರೂಪಕ್ಕೆ ಬರುವುದು. ಸಾಂಖ್ಯ ದರ್ಶನದವರು ಇದಕ್ಕೆ ಕೊಡುವ ಉದಾಹರಣೆ ಹಾಲು ಮೊಸರಾಗುವುದು. ಆಯುರ್ವೇದದಲ್ಲಿ ಉಂಡದ್ದು ಪಚನವಾಗುವುದಕ್ಕೂ ಪರಿಣಾಮ ಎನ್ನುತ್ತಾರೆ. ವಚನಕಾರರ ಕಾಲದ ಕನ್ನಡದಲ್ಲಿ ಈ ಪದಕ್ಕೆ ತೃಪ್ತಿ, ನೆಮ್ಮದಿ ಎಂಬ ಅರ್ಥವೂ ಇತ್ತು. ಅದು ಈಗ ಮಾತಿನಲ್ಲಿ ಉಳಿದಿಲ್ಲ. ಪ್ರಭಾವ ಬೀರುವವನ ಬಳಿ ಇರುತ್ತದೆ, ಪರಿಣಾಮ ತಗುಲಿಸಿಕೊಂಡವನಲ್ಲಿ ಆಗುತ್ತದೆ. ಪರೀಕ್ಷೆ ಬೇಕೆಂದರೆ ಔಷಧದ ಅಂಗಡಿಗೆ ಹೋಗಿ: ‘ಅಡ್ಡಪರಿಣಾಮ’ ಎನ್ನುತ್ತಾರೆ, ‘ಅಡ್ಡಪ್ರಭಾವ’ ಎಂದು ಯಾರ ಬಾಯಲ್ಲೂ ಬರುವುದಿಲ್ಲ. ಗುಳಿಗೆಗೆ ಪ್ರಭುತ್ವವಿಲ್ಲ ಎಂಬುದು ನಮ್ಮ ನಾಲಗೆಗೆ ಗೊತ್ತು.

ಹಾಲು ಮೊಸರಾಗುವ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಬೇಸಿಗೆಯ ಅರಸೀಕೆರೆಯಲ್ಲಿ ಒಂದು ಚಮಚ ಹೆಪ್ಪು ಹಾಕಿದರೆ ನಾಲ್ಕೈದು ಗಂಟೆಯಲ್ಲಿ ಮೊಸರು. ಅದೇ ಹೆಪ್ಪನ್ನು ಜುಲೈ ತಿಂಗಳ ಮೂಡಿಗೆರೆಯಲ್ಲಿ ಹಾಕಿ ನೋಡಿ, ಒಲೆಯ ಪಕ್ಕ ಇಟ್ಟು ಬಟ್ಟೆ ಸುತ್ತಿದರೂ ಬೆಳಗ್ಗೆ ಹಾಲು ಹಾಲಾಗಿಯೇ ಇರುತ್ತದೆ. ಪರಿಣಾಮ ಹೆಪ್ಪೊಂದರಿಂದ ಆಗುವುದಲ್ಲ, ಹಾಲು ಬೇಕು, ಬಿಸುಪು ಬೇಕು, ಹೊತ್ತು ಬೇಕು. ಒಂದೇ ರೀಲ್ ನೋಡಿದ ಇಬ್ಬರು ಹುಡುಗರಲ್ಲಿ ಒಬ್ಬ ಬೈಕಿನ ಮುಂದಿನ ಗಾಲಿ ಎತ್ತುತ್ತಾನೆ, ಇನ್ನೊಬ್ಬ ಎತ್ತುವುದಿಲ್ಲ. ‘ಮಾಧ್ಯಮದ ಪ್ರಭಾವ’ ಎಂದು ಮಾತು ಮುಗಿಸಿದವನಿಗೆ ಆ ಎರಡನೆಯ ಹುಡುಗ ಕಾಣುವುದೇ ಇಲ್ಲ.

ಈಗ ಗಿರಿಗೆ ಬನ್ನಿ. ಮುಳ್ಳಯ್ಯನಗಿರಿ, 1930 ಮೀಟರ್, ರಾಜ್ಯದ ಅತಿ ಎತ್ತರದ ಶಿಖರ. ಶನಿವಾರ ಭಾನುವಾರ ಕೈಮರದ ಚೆಕ್‌ಪೋಸ್ಟಿನಿಂದಲೇ ವಾಹನಗಳ ಸಾಲು. ಮಂಜಿನ ನಡುವೆ ಕೈ ಚಾಚಿ ನಿಂತ ವಿಡಿಯೊ ನೋಡಿ ಬಂದವರು ಅದರಲ್ಲಿ ಬಹಳ ಮಂದಿ. ವಿಡಿಯೊ ಮಾಡಿದವನಿಗೆ ಅವರ ಮೇಲೆ ಪ್ರಭಾವ ಇದೆ, ಒಪ್ಪೋಣ. ಆದರೆ ಅತ್ತಿಗುಂಡಿಯ ಕಡೆಯಿಂದ ಪೇಟೆಯ ಆಸ್ಪತ್ರೆಗೆ ಇಳಿಯಬೇಕಾದ ಮುದುಕಿಯೊಬ್ಬಳನ್ನು ನೆನೆಯಿರಿ. ಅವಳು ರೀಲ್ ನೋಡಿಲ್ಲ, ಅವಳ ಕೈಯಲ್ಲಿ ಅಂಥ ಫೋನೂ ಇಲ್ಲ. ಬಸ್ಸು ವಾಹನದ ಸಾಲಿನಲ್ಲಿ ಸಿಕ್ಕಿಕೊಂಡಿತು. ಅವಳ ಮೇಲೆ ಯಾರ ಪ್ರಭಾವವೂ ಇಲ್ಲ, ಪರಿಣಾಮ ಮಾತ್ರ ಪೂರ್ತಿ ಅವಳ ಪಾಲಿಗೆ. ಕೆಲವು ಬ್ಯಾನರುಗಳಲ್ಲಿ ‘ಸಮಾಜದ ಮೇಲೆ’ ಎಂದೂ ಬರೆಯುತ್ತೀರಲ್ಲ, ಆ ಸಮಾಜದಲ್ಲಿ ಇವಳೂ ಇದ್ದಾಳೆ. ಪ್ರಭಾವ ಎಂಬ ಪದದೊಳಗೆ ಇವಳಿಗೆ ಜಾಗವಿಲ್ಲ.

ಸಕಲೇಶಪುರದ ಮಂಜರಾಬಾದ್ ಕೋಟೆಯದು ಇನ್ನೊಂದು ಬಗೆ. ಟಿಪ್ಪು 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಗಳ ನಕ್ಷತ್ರದ ಆಕಾರ. ಮೆಟ್ಟಿಲು ಹತ್ತಿ ಒಳಗೆ ನಿಂತವನಿಗೆ ಆ ಆಕಾರ ಕಾಣುವುದಿಲ್ಲ. ಗೋಡೆ ಕಾಣುತ್ತದೆ, ಪಶ್ಚಿಮ ಘಟ್ಟದ ಸಾಲು ಕಾಣುತ್ತದೆ. ನಕ್ಷತ್ರ ಕಾಣುವುದು ಡ್ರೋನ್ ಕ್ಯಾಮೆರಾದ ಕಣ್ಣಿಗೆ. ಬಂದ ಹುಡುಗರು ‘ಸ್ಟಾರ್ ಎಲ್ಲಿ?’ ಎಂದು ಹುಡುಕುವುದನ್ನು ನಾನೇ ನೋಡಿದ್ದೇನೆ. ಕಾಲ ಕೆಳಗಿನ ಕೋಟೆಗಿಂತ ಪರದೆಯ ಕೋಟೆ ಅವರಿಗೆ ಹೆಚ್ಚು ನಿಜವಾಗಿದೆ. ನೋಡುವ ರೀತಿಯೇ ಬೇರೆ ರೂಪಕ್ಕೆ ತಿರುಗಿದ್ದರಿಂದ ಇದನ್ನು ಪರಿಣಾಮ ಎನ್ನಬೇಕು, ಹಾಲು ಮೊಸರಾದ ಅರ್ಥದಲ್ಲೇ.

ಇನ್ನು ಆಲೂರು, ಸಕಲೇಶಪುರ, ಬೇಲೂರು ಕಡೆಯ ತೋಟದವರ ವಾಟ್ಸ್ಆ್ಯಪ್ ಗುಂಪುಗಳು. ಆನೆ ಯಾವ ತೋಟದಲ್ಲಿದೆ ಎಂದು ಬೆಳಗ್ಗೆಯೇ ಸಂದೇಶ ಬರುತ್ತದೆ, ಕೆಲಸದ ಆಳುಗಳು ಆ ಕಡೆ ಹೋಗುವುದಿಲ್ಲ, ಒಂದು ಜೀವ ಉಳಿಯುತ್ತದೆ. ಇದು ಪ್ರಭಾವವೂ ಅಲ್ಲ, ಇದಕ್ಕೆ ‘ಸುದ್ದಿ’ ಎಂಬ ಒಳ್ಳೆಯ ಪದ ಇದೆ. ಮಾಧ್ಯಮದ ಬಗ್ಗೆ ಮಾತಾಡಿದ 14 ಮಕ್ಕಳಲ್ಲಿ ಒಬ್ಬರೂ ಇದನ್ನು ಹೇಳಲಿಲ್ಲ. ಅವರ ಮನೆಗಳಲ್ಲಿ ದಿನವೂ ನಡೆಯುವ ಸಂಗತಿಯಿದು. ಬ್ಯಾನರಿನ ಪದ ಅವರನ್ನು ಆ ಕಡೆ ನೋಡಲು ಬಿಡಲಿಲ್ಲ.

ಈ ವಿಷಯವನ್ನೇ ಓದಿ ಜೀವ ಸವೆಸಿದವರು ಪದಗಳನ್ನು ಎಷ್ಟು ಎಚ್ಚರದಿಂದ ಆರಿಸಿದ್ದಾರೆ ನೋಡಿ. 1940ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಒಹಾಯೊ ರಾಜ್ಯದ ಈರಿ ಕೌಂಟಿಯ ಮತದಾರರನ್ನು ತಿಂಗಳುಗಟ್ಟಲೆ ಮಾತಾಡಿಸಿದರು. ರೇಡಿಯೊ, ಪತ್ರಿಕೆ ಮತ ತಿರುಗಿಸುತ್ತವೆ ಎಂಬ ಊಹೆ ಇತ್ತು. ಕಂಡದ್ದು ಬೇರೆ: ಜನರ ಮನಸ್ಸನ್ನು ಹೆಚ್ಚು ತಿರುಗಿಸಿದ್ದು ಪರಿಚಯದವರ, ನೆರೆಯವರ, ಮನೆಯವರ ಮಾತು. ಪತ್ರಿಕೆ ಓದುವ, ರೇಡಿಯೊ ಕೇಳುವ ಕೆಲವರು, ಅವರ ಮಾತಿಗೆ ಬೆಲೆ ಕೊಡುವ ಹಲವರು. 1955ರಲ್ಲಿ ಲಾಜರ್ಸ್‌ಫೆಲ್ಡ್ ಎಲಿಹು ಕಾಟ್ಜ್ ಜೊತೆ ಇದನ್ನೇ ಬೆಳೆಸಿ ಬರೆದಾಗ ‘ಇನ್‌ಫ್ಲುಯೆನ್ಸ್’ ಎಂಬ ಪದವನ್ನು ಅವರು ಕೊಟ್ಟದ್ದು ಮನುಷ್ಯರಿಗೆ. ನಮ್ಮ ಅರಳಿಕಟ್ಟೆಯಲ್ಲಿ ಪೇಪರ್ ಗಟ್ಟಿಯಾಗಿ ಓದಿ ಹೇಳುತ್ತಿದ್ದ ಯಜಮಾನರನ್ನು ನೆನೆದರೆ ಸಾಕು, ಅರ್ಥವಾಗುತ್ತದೆ. ಪ್ರಭಾವ ಯಜಮಾನರದು, ಪೇಪರಿನದಲ್ಲ.

ಟಿವಿಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಜಾರ್ಜ್ ಗರ್ಬ್ನರ್ ಆರಿಸಿಕೊಂಡ ಪದ ‘ಕಲ್ಟಿವೇಶನ್’, ನಮ್ಮ ಕಡೆಯ ಮಾತಿನಲ್ಲಿ ಸಾಗುವಳಿ. ಒಂದು ಕಾರ್ಯಕ್ರಮ ಏನು ಮಾಡಿತು ಎಂದು ಅವರು ಕೇಳಲಿಲ್ಲ. ವರ್ಷಾನುಗಟ್ಟಲೆ ನೋಡಿದವರ ಮನಸ್ಸಿನ ನೆಲದಲ್ಲಿ ಏನು ಬೆಳೆಯಿತು ಎಂದು ಕೇಳಿದರು. ಟಿವಿಯಲ್ಲಿ ಹಿಂಸೆ ಹೆಚ್ಚು. ತುಂಬಾ ನೋಡುವವರು ಹೊರಗಿನ ಜಗತ್ತೂ ಅಷ್ಟೇ ಕ್ರೂರ ಎಂದು ನಂಬುವುದು ಹೆಚ್ಚು ಎಂದರು. ಬೇಲೂರಿನ ಆ ಹುಡುಗಿ ಸ್ಪರ್ಧೆ ಮುಗಿದ ಮೇಲೆ ಬಂದು ಹೇಳಿದಳು: “ನಮ್ಮಜ್ಜಿ ದಿನಾ ಕ್ರೈಮ್ ಸ್ಟೋರಿ ನೋಡ್ತಾರೆ ಸಾರ್. ನಮ್ಮೂರಲ್ಲಿ ಒಂದು ಕಳ್ಳತನ ಆಗಿಲ್ಲ. ಆದ್ರೂ ರಾತ್ರಿ ಎರಡೆರಡು ಸಲ ಎದ್ದು ಚಿಲಕ ನೋಡ್ತಾರೆ.” ಗರ್ಬ್ನರ್ ಹೇಳಿದ್ದು ಇದನ್ನೇ. ವೇದಿಕೆಯ ಮೇಲೆ ಅವಳು ಇದನ್ನು ಹೇಳಿದ್ದರೆ ಮೊದಲ ಬಹುಮಾನ ಕೊಡುತ್ತಿದ್ದೆ.

‘ಯುವಜನರ ಮೇಲೆ’ ಎಂಬುದರ ಬಗ್ಗೆಯೂ ಒಂದು ಮಾತು. ಮಾಧ್ಯಮಗಳನ್ನು ಅಧ್ಯಯನ ಮಾಡಿದ ಡಬ್ಲ್ಯು. ಫಿಲಿಪ್ಸ್ ಡೇವಿಸನ್ 1983ರಲ್ಲಿ ಬರೆದದ್ದು: ಮಾಧ್ಯಮದಿಂದ ತನಗೆ ಅಷ್ಟೇನೂ ಆಗುವುದಿಲ್ಲ, ಬೇರೆಯವರಿಗೇ ಆಗುವುದು ಎಂದು ಜನ ಅಂದುಕೊಳ್ಳುತ್ತಾರೆ. ವೇದಿಕೆಯ ಮೇಲೆ ಕೂತ 60 ದಾಟಿದವರು ಯುವಜನರ ಬಗ್ಗೆ ಕಳವಳಪಡುತ್ತಾರೆ. ನಮ್ಮ ಕುಟುಂಬದ ಗುಂಪಿನಲ್ಲಿ ಸುಳ್ಳು ಸುದ್ದಿ, ನಕಲಿ ಮನೆಮದ್ದು ಹಂಚುವವರಲ್ಲಿ ಹೆಚ್ಚಿನವರು ಅದೇ ವಯಸ್ಸಿನವರು.

ಕೊನೆಗೆ ‘ಇನ್‌ಫ್ಲುಯೆನ್ಸರ್’. ಅವರನ್ನು ‘ಪ್ರಭಾವಿ’ ಎಂದು ಬರೆದಾಗ ಹಳಬರು ಮಂತ್ರಿಯ ಭಾವಮೈದುನ ಯಾರೋ ಎಂದುಕೊಳ್ಳುತ್ತಾರೆ. ಆದರೂ ಈ ಒಂದು ಕಡೆ ಅಮರಸಿಂಹನ ಪದ ಸರಿಯಾಗಿ ಕೂರುತ್ತದೆ, ಏಕೆಂದರೆ ಹಿಂದೆ ಕೋಶ ಇದೆ. ಚಿಕ್ಕಮಗಳೂರಿನ ಹೋಮ್‌ಸ್ಟೇಯಲ್ಲಿ ಎರಡು ದಿನ ಪುಕ್ಕಟೆ ಉಳಿದು ‘ಇಂಥ ಜಾಗ ಇನ್ನೊಂದಿಲ್ಲ’ ಎಂದು ವಿಡಿಯೊ ಹಾಕಿದರೆ, ಪುಕ್ಕಟೆ ಉಳಿದ ಸಂಗತಿಯನ್ನೂ ಅದರಲ್ಲಿ ಹೇಳಬೇಕು. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ ಮಾರ್ಗಸೂಚಿ ಇದು: ಹಣ, ಉಡುಗೊರೆ, ಪ್ರವಾಸ, ಹೋಟೆಲ್ ವಾಸ್ತವ್ಯ, ಏನೇ ಪಡೆದಿದ್ದರೂ ನೋಡುವವರಿಗೆ ತಪ್ಪದೆ ಕಾಣುವಂತೆ, ಸರಳ ಮಾತಿನಲ್ಲಿ ತಿಳಿಸಬೇಕು. ಪ್ರಭಾವ ಎಂಬ ಪದವನ್ನು ಅದರ ಹುಟ್ಟಿನ ಅರ್ಥದಲ್ಲಿ ಬಳಸಿದರೆ ಕೋಶ ಯಾರದು ಎಂಬ ಪ್ರಶ್ನೆ ತಾನಾಗಿ ಬರುತ್ತದೆ.

‘ಬೀರು’ ಎಂಬ ಕ್ರಿಯಾಪದದ ಬಗ್ಗೆ ನನಗೆ ಬೇಸರವಿಲ್ಲ, ಪ್ರೀತಿಯಿದೆ. ನಗೆ ಬೀರುತ್ತೇವೆ, ಮಲ್ಲಿಗೆ ಕಂಪು ಬೀರುತ್ತದೆ, ಸಂಕ್ರಾಂತಿಗೆ ಎಳ್ಳು ಬೀರುತ್ತೇವೆ. ಹೊಸ ಲಂಗ ತೊಟ್ಟ ಹುಡುಗಿಯರು ತಟ್ಟೆ ಹಿಡಿದು ಬಂದರೆ, ಬಾಗಿಲು ತೆರೆದು ಒಳಗೆ ಕರೆದು ಎಳ್ಳು ತೆಗೆದುಕೊಳ್ಳುವವರು ಇರಬೇಕು. ಅವರೂ ತಮ್ಮ ಮನೆಯ ಎಳ್ಳನ್ನು ತಟ್ಟೆಗೆ ಹಾಕಿ ಕಳಿಸುತ್ತಾರೆ. ಪ್ರಭಾವ ಬೀರಿತು ಎಂದಾಗಲೂ ಬಾಗಿಲು ತೆರೆದವರು ಯಾರು ಎಂದು ಆ ಕ್ರಿಯಾಪದ ಕೇಳುತ್ತಲೇ ಇರುತ್ತದೆ.

ಮುಂದಿನ ತಿಂಗಳು ಹಾಸನದಲ್ಲಿ ಇನ್ನೊಂದು ಸ್ಪರ್ಧೆ ಇದೆ. ವಿಷಯ ನೀವೇ ಕೊಡಿ ಸಾರ್ ಎಂದು ಸಂಘಟಕರು ಕೇಳಿದರು. ‘ನಮ್ಮ ಮನೆಯಲ್ಲಿ ಯಾರ ಮಾತಿಗೆ ಪ್ರಭಾವ ಇದೆ?’ ಎಂದು ಬರೆದು ಕಳಿಸಿದ್ದೇನೆ.