ಸ್ಕ್ರೀನ್ ರೆಕಾರ್ಡಿಂಗ್ ಅರ್ಧಕ್ಕೇ ಕ್ರ್ಯಾಶ್ ಆಗುವುದೇಕೆ?

ಪ್ರಶ್ನೆ: ಸ್ಕ್ರೀನ್ ರೆಕಾರ್ಡ್ ಮಾಡುವಾಗ ಸುಮಾರು ಅರ್ಧ ಗಂಟೆ ಆಗುತ್ತಿದ್ದಂತೆ ಸಾಫ್ಟ್‌ವೇರ್ ತಾನಾಗಿಯೇ ಮುಚ್ಚಿಹೋಗುತ್ತದೆ. ಅಷ್ಟರವರೆಗಿನ ಫೈಲ್ ಕೂಡ ಪ್ಲೇ ಆಗುವುದಿಲ್ಲ. ತೆಗೆದುಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿದರೂ ಅದೇ ಕಥೆ. ಏನು ಮಾಡಲಿ?

ಉತ್ತರ: ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುವುದನ್ನು ಸದ್ಯಕ್ಕೆ ಬಿಡಿ. ಸಾಫ್ಟ್‌ವೇರ್ ತೆಗೆದರೂ ಅದರ ಹಳೇ ಸೆಟ್ಟಿಂಗ್ಸ್ ಎಷ್ಟೋ ಸಲ ಕಂಪ್ಯೂಟರ್‌ನಲ್ಲೇ ಉಳಿದಿರುತ್ತವೆ. ಗ್ರಾಫಿಕ್ಸ್ ಡ್ರೈವರ್, ಅಂದರೆ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅಂತೂ ಇದ್ದ ಹಾಗೇ ಇರುತ್ತದೆ. ಯಾವಾಗ ಕ್ರ್ಯಾಶ್ ಆಗುತ್ತದೆ ಅನ್ನುವುದೇ ಇಲ್ಲಿ ದೊಡ್ಡ ಸುಳಿವು. ಅದಕ್ಕೂ ಮೊದಲು ಫೈಲ್ ಹಾಳಾಗುವುದನ್ನು ನಿಲ್ಲಿಸೋಣ.

ನೀವು ಎಂಪಿ4ನಲ್ಲಿ ರೆಕಾರ್ಡ್ ಮಾಡುತ್ತಿದ್ದೀರಿ ಅನಿಸುತ್ತದೆ. ಸಾಮಾನ್ಯ ಎಂಪಿ4ನಲ್ಲಿ ಯಾವ ಫ್ರೇಮ್ (ವಿಡಿಯೋದ ಒಂದೊಂದು ಚಿತ್ರ) ಫೈಲಿನಲ್ಲಿ ಎಲ್ಲಿದೆ ಅನ್ನುವ ಪಟ್ಟಿಯನ್ನು ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ, ಕೊನೆಯಲ್ಲಿ ಬರೆಯುತ್ತಾರೆ. ನಡುವೆ ಕ್ರ್ಯಾಶ್ ಆದರೆ ಪಟ್ಟಿಯೇ ಇಲ್ಲ. ಫೈಲಿನ ಸೈಜ್ ಎರಡು ಜಿಬಿ ಅಂತ ಕಾಣಿಸುತ್ತಿರುತ್ತದೆ, ಆದರೆ ಪ್ಲೇಯರ್‌ಗೆ ಓದಲು ಬರುವುದಿಲ್ಲ. ಎಂಕೆವಿ ಎಂಬ ಇನ್ನೊಂದು ವಿಡಿಯೋ ಫಾರ್ಮ್ಯಾಟ್‌ಗೆ ಈ ತೊಂದರೆ ಇಲ್ಲ. ಕರೆಂಟ್ ಹೋದರೂ ಅಲ್ಲಿಯವರೆಗಿನದು ಸಿಗುತ್ತದೆ. ನೀವು ಬಳಸುವುದು ಓಬಿಎಸ್ ಎಂಬ ಉಚಿತ ರೆಕಾರ್ಡಿಂಗ್ ಸಾಫ್ಟ್‌ವೇರ್ ಆಗಿದ್ದರೆ, ಅದರ ಔಟ್‌ಪುಟ್ ಸೆಟ್ಟಿಂಗ್ಸ್‌ಗೆ ಹೋಗಿ ರೆಕಾರ್ಡಿಂಗ್ ಫಾರ್ಮ್ಯಾಟನ್ನು ಎಂಕೆವಿ ಮಾಡಿ. ಆಮೇಲೆ ಎಂಪಿ4 ಬೇಕೇ ಬೇಕು ಅಂದರೆ ಫೈಲ್ ಮೆನುವಿನಲ್ಲಿ ರೀಮಕ್ಸ್ ರೆಕಾರ್ಡಿಂಗ್ಸ್ ಇದೆ. ಕ್ವಾಲಿಟಿ ಒಂಚೂರೂ ಕಡಿಮೆಯಾಗದೆ ಬದಲಾಗುತ್ತದೆ. ಈಗಾಗಲೇ ಹಾಳಾಗಿರುವ ಎಂಪಿ4 ಅನ್ನು ಅಳಿಸಬೇಡಿ. ಅದೇ ಸೆಟ್ಟಿಂಗ್ಸ್‌ನಲ್ಲಿ ಸರಿಯಾಗಿ ಮುಗಿದ ಇನ್ನೊಂದು ರೆಕಾರ್ಡಿಂಗ್ ಇದ್ದರೆ, ಅದನ್ನು ಮಾದರಿಯಾಗಿಟ್ಟುಕೊಂಡು ರಿಪೇರಿ ಮಾಡುವ ಅನ್‌ಟ್ರಂಕ್ ಎಂಬ ಉಚಿತ ಟೂಲ್ ಇದೆ. ಕೆಲವು ಸಲ ಕೆಲಸ ಮಾಡುತ್ತದೆ, ಕೆಲವು ಸಲ ಇಲ್ಲ.

ಈಗ ಆ ಅರ್ಧ ಗಂಟೆಯ ವಿಷಯ. ಪ್ರತಿ ಸಲ ಹೆಚ್ಚುಕಡಿಮೆ ಅದೇ ಹೊತ್ತಿಗೆ ನಿಂತರೆ ನಾನು ಮೊದಲು ಅನುಮಾನಪಡುವುದು ಫೈಲ್ ಎಲ್ಲಿ ಸೇವ್ ಆಗುತ್ತಿದೆ ಅನ್ನುವುದನ್ನು. ಪೆನ್ ಡ್ರೈವ್, ಮೆಮೊರಿ ಕಾರ್ಡ್‌ಗಳು ಎಷ್ಟೋ ಸಲ ಫ್ಯಾಟ್32 ಎಂಬ ಹಳೇ ಫೈಲ್ ಸಿಸ್ಟಮ್‌ನಲ್ಲಿ (ಡ್ರೈವ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ) ಇರುತ್ತವೆ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಸುಮ್ನೆ ಲೆಕ್ಕ ಹಾಕಿ ನೋಡಿ: ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಬರೆಯುವ ಡೇಟಾ, 20 ಮೆಗಾಬಿಟ್ ಇದ್ದರೆ ಅದು ಸೆಕೆಂಡಿಗೆ 2.5 ಮೆಗಾಬೈಟ್. ಗಂಟೆಗೆ 9 ಜಿಬಿ. 4 ಜಿಬಿ ತುಂಬಲು ಅರ್ಧ ಗಂಟೆಯೂ ಬೇಕಿಲ್ಲ! ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಯಾವ ಫೈಲ್ ಸಿಸ್ಟಮ್ ಅಂತ ಗೊತ್ತಾಗುತ್ತದೆ. ಫ್ಯಾಟ್32 ಆಗಿದ್ದರೆ ಕಂಪ್ಯೂಟರಿನ ಒಳಗಿನ ಡಿಸ್ಕ್‌ಗೇ ರೆಕಾರ್ಡ್ ಮಾಡಿ. ಅಲ್ಲೂ ಎಷ್ಟು ಜಾಗ ಖಾಲಿ ಇದೆ ನೋಡಿಕೊಳ್ಳಿ.

ಫೈಲ್ ಸಿಸ್ಟಮ್ ಸರಿ ಇದ್ದರೆ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ರೆಕಾರ್ಡ್ ಮಾಡಿ. ಆ ಸಾಫ್ಟ್‌ವೇರ್ ಬಳಸುವ ಮೆಮೊರಿ ನಿಮಿಷ ನಿಮಿಷಕ್ಕೂ ಏರುತ್ತಲೇ ಹೋಗುತ್ತಿದೆಯಾ? ಹಾಗಿದ್ದರೆ ಡಿಸ್ಕ್ ನಿಧಾನ ಇರಬಹುದು, ಬರೆಯಲಾಗದ ಡೇಟಾ ಮೆಮೊರಿಯಲ್ಲೇ ಸಾಲುಗಟ್ಟಿ ನಿಲ್ಲುತ್ತದೆ. ಇಲ್ಲವೇ ಯಾವುದೋ ಪ್ಲಗಿನ್ (ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗ) ಬಳಸಿದ ಮೆಮೊರಿಯನ್ನು ಬಿಟ್ಟುಕೊಡುತ್ತಿಲ್ಲ. ಪ್ಲಗಿನ್ ಮೇಲೆ ಅನುಮಾನ ಇದ್ದರೆ ಓಬಿಎಸ್‌ನಲ್ಲಿ ಸೇಫ್ ಮೋಡ್ ಇದೆ. ಬೇರೆಯವರು ಮಾಡಿದ ಪ್ಲಗಿನ್‌ಗಳನ್ನೆಲ್ಲ ಬಿಟ್ಟು ತೆರೆದುಕೊಳ್ಳುತ್ತದೆ. ಆಗ ಕ್ರ್ಯಾಶ್ ನಿಂತರೆ ಕಳ್ಳ ಸಿಕ್ಕ ಹಾಗೇ ಅಲ್ವಾ.

ಕೆಲವರಿಗೆ ಬಟನ್ ಒತ್ತಿದ ಕೂಡಲೇ ಕ್ರ್ಯಾಶ್ ಆಗುತ್ತದೆ. ಅದು ಬೇರೆ ಕಾಯಿಲೆ. ಹೆಚ್ಚಾಗಿ ಎನ್‌ಕೋಡರ್ (ವಿಡಿಯೋವನ್ನು ಕುಗ್ಗಿಸಿ ಫೈಲ್ ಮಾಡುವ ಭಾಗ) ಅಥವಾ ಗ್ರಾಫಿಕ್ಸ್ ಡ್ರೈವರ್ ತಕರಾರು. ಎನ್‌ಕೋಡರನ್ನು ಗ್ರಾಫಿಕ್ಸ್ ಚಿಪ್ ಬಳಸುವ ಎನ್‌ವೆಂಕ್ (NVENC) ಅಥವಾ ಕ್ವಿಕ್‌ಸಿಂಕ್‌ನಿಂದ, ಪ್ರೊಸೆಸರ್ ಬಳಸುವ ಎಕ್ಸ್264ಗೆ ಬದಲಾಯಿಸಿ ನೋಡಿ. ಪ್ರೊಸೆಸರ್ ಮೇಲೆ ಭಾರ ಜಾಸ್ತಿ ಬೀಳುತ್ತದೆ, ಆದರೆ ಪರೀಕ್ಷೆಗೆ ಅಷ್ಟು ಸಾಕು. ಅದರಲ್ಲಿ ಸರಿಯಾಗಿ ನಡೆದರೆ ಡ್ರೈವರ್ ಕಡೆ ನೋಡಿ. ಇತ್ತೀಚೆಗಷ್ಟೇ ಅಪ್‌ಡೇಟ್ ಮಾಡಿದ್ದರೆ ಹಳೆಯದಕ್ಕೆ ಮರಳುವುದೂ ಒಂದು ದಾರಿ. ಹೊಸದೆಲ್ಲ ಒಳ್ಳೆಯದೇ ಅಂತಿಲ್ಲ. ಪರದೆಯ ಮೇಲೆ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ತೋರಿಸುವ ಓವರ್‌ಲೇಗಳನ್ನೂ ಮುಚ್ಚಿ ನೋಡಿ.

ಇಡೀ ಕಂಪ್ಯೂಟರೇ ಆಫ್ ಆಗುತ್ತಿದ್ದರೆ ಸಾಫ್ಟ್‌ವೇರನ್ನು ಬೈಯಬೇಡಿ. ಬಿಸಿ ಅಥವಾ ಪವರ್ ಸಪ್ಲೈ ನೋಡಿಸಿ.

ಇಷ್ಟಕ್ಕೂ ಬಗೆಹರಿಯದಿದ್ದರೆ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್. ಕ್ರ್ಯಾಶ್ ಆದ ಹೊತ್ತಿನ ಕೆಂಪು ಗುರುತಿನ ಎರರ್ ಮೇಲೆ ಒತ್ತಿದರೆ ಫಾಲ್ಟಿಂಗ್ ಮಾಡ್ಯೂಲ್ ಅಂತ ಒಂದು ಸಾಲು ಇರುತ್ತದೆ. ಅಲ್ಲಿರುವ ಫೈಲ್ ಹೆಸರು ಎನ್‌ವಿ ಎಂದು ಶುರುವಾದರೆ ಎನ್ವಿಡಿಯಾ ಡ್ರೈವರ್ ಇರಬಹುದು, ಎಟಿಐ ಎಂದಿದ್ದರೆ ಎಎಂಡಿಯದು. ಪ್ಲಗಿನ್‌ನ ಹೆಸರೇ ಇದ್ದರೆ ಅದನ್ನು ತೆಗೆದು ನೋಡಿ. ಯಾರಲ್ಲಾದರೂ ಸಹಾಯ ಕೇಳುವಾಗ "ಕ್ರ್ಯಾಶ್ ಆಗುತ್ತೆ" ಅಂತಷ್ಟೇ ಹೇಳದೆ ಆ ಸಾಲನ್ನೂ, ಸಾಫ್ಟ್‌ವೇರ್‌ನ ಲಾಗ್ ಫೈಲನ್ನೂ ಕೊಡಿ. ಓಬಿಎಸ್‌ನಲ್ಲಿ ಲಾಗ್ ಮತ್ತು ಕ್ರ್ಯಾಶ್ ರಿಪೋರ್ಟ್ ಎರಡೂ ಹೆಲ್ಪ್ ಮೆನುವಿನಲ್ಲೇ ಸಿಗುತ್ತವೆ.