ಕಫ ಸಡಿಲಿಸುವ ಉಪ್ಪುನೀರು: ಯಾರಿಗೆ, ಹೇಗೆ, ಎಷ್ಟರ ಮಟ್ಟಿಗೆ

ಕ್ಷಯ ವಾಸಿಯಾಗಿ ಹತ್ತಾರು ವರ್ಷ ಕಳೆದ ಮೇಲೂ ಬೆಳಗ್ಗೆ ಎದ್ದೊಡನೆ ಬಹಳ ಹೊತ್ತು ಕೆಮ್ಮುವ ರೋಗಿಗಳು ನನ್ನ ಬಳಿ ಬರುತ್ತಲೇ ಇರುತ್ತಾರೆ. "ಕಫ ಎದೆಯಲ್ಲೇ ಕಟ್ಟಿಕೊಂಡಿದೆ ಡಾಕ್ಟ್ರೇ, ಕಿತ್ತು ಬರುತ್ತಿಲ್ಲ" ಎನ್ನುತ್ತಾರೆ. ಇವರಲ್ಲಿ ಹಲವರಿಗಿರುವುದು ಬ್ರಾಂಕಿಯೆಕ್ಟಾಸಿಸ್, ಅಂದರೆ ಶ್ವಾಸನಾಳಗಳು ಶಾಶ್ವತವಾಗಿ ಹಿಗ್ಗಿ, ಕಫವನ್ನು ಮೇಲಕ್ಕೆ ಸಾಗಿಸುವ ಶಕ್ತಿಯನ್ನು ಕಳೆದುಕೊಂಡ ಸ್ಥಿತಿ. 2019ರಲ್ಲಿ ಪ್ರಕಟವಾದ ಭಾರತದ 2,195 ರೋಗಿಗಳ ನೋಂದಣಿ ಅಧ್ಯಯನದಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಜನರಿಗೆ ಹಿಂದಿನ ಕ್ಷಯವೇ ಇದಕ್ಕೆ ಕಾರಣವಾಗಿತ್ತು.

ಇವರಲ್ಲಿ ಅನೇಕರ ಮನೆಯಲ್ಲಿ ನೆಬ್ಯುಲೈಸರ್, ಅಂದರೆ ದ್ರವ ಔಷಧವನ್ನು ಉಸಿರಿನೊಡನೆ ಸೇದಲು ಸಣ್ಣ ಹನಿಗಳ ಮಂಜಾಗಿಸುವ ಯಂತ್ರ, ಇರುತ್ತದೆ. ಅದಕ್ಕೆ ಏನು ಹಾಕುತ್ತೀರಿ ಎಂದು ಕೇಳಿದರೆ ಸಾಲ್ಬುಟಮಾಲ್ ಅಥವಾ ಬ್ಯುಡೆಸೊನೈಡ್ ಎಂಬ ಉತ್ತರ ಬರುತ್ತದೆ. ಮೊದಲನೆಯದು ಬಿಗಿದ ಶ್ವಾಸನಾಳವನ್ನು ಸಡಿಲಿಸುತ್ತದೆ, ಎರಡನೆಯದು ಉರಿಯೂತವನ್ನು ತಗ್ಗಿಸುತ್ತದೆ. ಅಂಟಾದ ಕಫವನ್ನು ತೆಳುಗೊಳಿಸುವ ಕೆಲಸ ಇವೆರಡರದ್ದೂ ಅಲ್ಲ. ಬಿಸಿನೀರಿನ ಹಬೆ ಮೂಗು, ಗಂಟಲಿಗೆ ಹಿತ ಕೊಟ್ಟರೂ ಅದರ ದೊಡ್ಡ ಹನಿಗಳು ಶ್ವಾಸಕೋಶದ ಆಳಕ್ಕೆ ಇಳಿಯುವುದಿಲ್ಲ.

ಕಫವನ್ನು ಸಡಿಲಿಸಲು ನಾವು ಬಳಸುವುದು ಹೆಚ್ಚು ಸಾಂದ್ರತೆಯ ಉಪ್ಪುನೀರನ್ನು, ಅಂದರೆ ಹೈಪರ್‌ಟಾನಿಕ್ ಸಲೈನನ್ನು. ಡ್ರಿಪ್‌ನಲ್ಲಿ ಏರಿಸುವ ಸಾಮಾನ್ಯ ಸಲೈನ್‌ನಲ್ಲಿ ಉಪ್ಪು 0.9% ಇದ್ದರೆ ಇದರಲ್ಲಿ 3%ರಿಂದ 7%ರವರೆಗೆ ಇರುತ್ತದೆ. ಶ್ವಾಸನಾಳದ ಒಳಮೈ ಮೇಲೆ ಕುಳಿತ ಉಪ್ಪು ಸುತ್ತಲಿನ ಜೀವಕೋಶಗಳಿಂದ ನೀರನ್ನು ಸೆಳೆಯುವುದರಿಂದ ಒಣಗಿ ಅಂಟಿದ್ದ ಕಫ ನೆನೆದು ಜಾರತೊಡಗುತ್ತದೆ. ಕಫ ಅಂಟಾಗಿ ಕಟ್ಟಿಕೊಳ್ಳುವ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯಿದ್ದೂ ಸಮುದ್ರದಲ್ಲಿ ಅಲೆಸವಾರಿ ಮಾಡುತ್ತಿದ್ದ ಆಸ್ಟ್ರೇಲಿಯಾದ ಯುವಜನರಿಗೆ ಉಸಿರಾಟ ಹಗುರವಾಗಿರುವುದನ್ನು ಅಲ್ಲಿನ ವೈದ್ಯರು ಗಮನಿಸಿದ್ದರು. 2006ರಲ್ಲಿ ಪ್ರಕಟವಾದ ಅಲ್ಲಿಯದೇ ಅಧ್ಯಯನದಲ್ಲಿ 164 ರೋಗಿಗಳು 48 ವಾರ ದಿನಕ್ಕೆರಡು ಬಾರಿ 7% ಅಥವಾ ಸಾಮಾನ್ಯ ಸಲೈನ್ ಸೇದಿದರು. 7% ಸೇದಿದವರಲ್ಲಿ ಕಾಯಿಲೆ ಉಲ್ಬಣಿಸುವ ಸಂದರ್ಭಗಳು ಗಣನೀಯವಾಗಿ ಕಡಿಮೆಯಾದವು.

ಆದರೆ ಒಂದು ಕಾಯಿಲೆಯ ಫಲವನ್ನು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸುವಂತಿಲ್ಲ. ಸಿಸ್ಟಿಕ್ ಫೈಬ್ರೋಸಿಸ್‌ನಲ್ಲಿ ಕಫದೊಳಗಿನ ಡಿಎನ್‌ಎ ಎಳೆಗಳನ್ನು ತುಂಡರಿಸಿ ನೆರವಾಗುವ ಡಾರ್ನೇಸ್ ಆಲ್ಫಾ ಎಂಬ ಔಷಧ, ಆ ಕಾಯಿಲೆಯಿಲ್ಲದ ಬ್ರಾಂಕಿಯೆಕ್ಟಾಸಿಸ್ ರೋಗಿಗಳಲ್ಲಿ ಹಾನಿಯನ್ನೇ ಮಾಡಿತೆಂಬುದು 1998ರಲ್ಲೇ ತಿಳಿದುಬಂತು. ಅವರಿಗೆ ಅದನ್ನು ಕೊಡಬಾರದು. ಉಪ್ಪುನೀರಿನ ವಿಷಯದಲ್ಲೂ, 2025ರಲ್ಲಿ ಪ್ರಕಟವಾದ ಬ್ರಿಟನ್ನಿನ 288 ಬ್ರಾಂಕಿಯೆಕ್ಟಾಸಿಸ್ ರೋಗಿಗಳ ಅಧ್ಯಯನದಲ್ಲಿ 52 ವಾರಗಳ ಬಳಿಕವೂ ಉಲ್ಬಣಗಳು ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಆದ್ದರಿಂದ ನಾನು ಇದನ್ನು ಎಲ್ಲರಿಗೂ ಬರೆದುಕೊಡುವುದಿಲ್ಲ. ಉಸಿರಾಟದ ವ್ಯಾಯಾಮವನ್ನು ಸರಿಯಾಗಿ ಮಾಡಿದರೂ ಕಫ ಗಟ್ಟಿಯಾಗಿ ನಿಂತೇ ಇರುವವರಿಗೆ ಮಾತ್ರ, ಪ್ರಯತ್ನಿಸಿ ನೋಡೋಣ ಎಂದು ಹೇಳಿಯೇ ಕೊಡುತ್ತೇನೆ.

ಮೊದಲ ಡೋಸ್ ಆಸ್ಪತ್ರೆಯಲ್ಲೇ ಆಗಬೇಕು. ಉಪ್ಪುನೀರು ಕೆಲವರ ಶ್ವಾಸನಾಳವನ್ನು ಥಟ್ಟನೆ ಬಿಗಿಯಾಗಿಸುವುದರಿಂದ ಮುಂಚಿತವಾಗಿ ಸಾಲ್ಬುಟಮಾಲ್ ಕೊಟ್ಟು, ಸೇದುವ ಮೊದಲೂ ನಂತರವೂ ಸ್ಪೈರೊಮೆಟ್ರಿ ಮಾಡಿ, ಉಸಿರಿನ ಪ್ರಮಾಣ ಹೆಚ್ಚು ಕುಸಿಯುವುದಿಲ್ಲವೆಂದು ಖಚಿತಪಡಿಸಿಕೊಳ್ಳುತ್ತೇವೆ. ಇತ್ತೀಚೆಗೆ ಕಫದಲ್ಲಿ ಹೆಚ್ಚು ರಕ್ತ ಬಿದ್ದಿದ್ದರೆ ಆರಂಭವನ್ನೇ ಮುಂದೂಡುತ್ತೇವೆ. ಮನೆಯಲ್ಲಿ ಅಡುಗೆ ಉಪ್ಪು ಕರಗಿಸಿ ಯಂತ್ರಕ್ಕೆ ಹಾಕುವುದಂತೂ ಖಂಡಿತ ಕೂಡದು, ಏಕೆಂದರೆ ಕ್ರಿಮಿಶುದ್ಧವಲ್ಲದ ನೀರು ಮೊದಲೇ ಜರ್ಜರಿತವಾದ ಶ್ವಾಸಕೋಶಕ್ಕೆ ಹೊಸ ಸೋಂಕನ್ನು ತರಬಲ್ಲದು. ಔಷಧದ ಬಟ್ಟಲನ್ನು ಪ್ರತಿ ಸಲ ತೊಳೆದು, ಪೂರ್ತಿ ಒಣಗಿಸಬೇಕು.

ಸೇದಿ ಮುಗಿಸಿ ಯಂತ್ರ ಎತ್ತಿಟ್ಟು ಅಡುಗೆಮನೆಗೋ ಹೊಲಕ್ಕೋ ಹೊರಟರೆ ಕೆಲಸ ಅರ್ಧಕ್ಕೇ ನಿಂತಂತೆ. ನೆನೆದ ಕಫವನ್ನು ಹೊರತರಬೇಕಾದದ್ದು ರೋಗಿಯ ಉಸಿರೇ: ಫಿಸಿಯೊಥೆರಪಿಸ್ಟ್ ಕಲಿಸಿದಂತೆ ಕೆಲವು ಸಲ ಆಳವಾಗಿ ಉಸಿರೆಳೆದು, ಕನ್ನಡಿಗೆ ಹಬೆ ಊದುವ ಹಾಗೆ ಬಾಯಿ ತೆರೆದು "ಹಾ" ಎಂದು ರಭಸವಾಗಿ ಹೊರಬಿಟ್ಟು, ಕೊನೆಗೆ ಕೆಮ್ಮಬೇಕು. ಸೇದುವ ಆ್ಯಂಟಿಬಯಾಟಿಕ್ ಇದ್ದರೆ ಅದು ಇದಾದ ಮೇಲೆ. ಮೂರು ತಿಂಗಳ ಬಳಿಕ ಕಫ ಸುಲಭವಾಗಿ ಬರುತ್ತಿದೆಯೇ, ರಾತ್ರಿಯ ನಿದ್ದೆ ಕೆಡದೆ ಇದೆಯೇ ಎಂದು ವಿಚಾರಿಸುತ್ತೇನೆ. ಎರಡಕ್ಕೂ ಇಲ್ಲವೆಂಬ ಉತ್ತರ ಬಂದರೆ ಉಪ್ಪುನೀರನ್ನು ನಿಲ್ಲಿಸುತ್ತೇನೆ, ವ್ಯಾಯಾಮವನ್ನು ಮುಂದುವರಿಸಲು ಹೇಳುತ್ತೇನೆ.